ಸಿಸ್ಟರ್‌ಗೂ ಒಂದು ಸಂಘ ಬೇಡವೇ?

ಬೆಳಗ್ಗೆ ಏಳೂವರೆ. ಹರಿಹರದ ಬಸ್ಸು ದಾವಣಗೆರೆ ಸ್ಟ್ಯಾಂಡಿನೊಳಗೆ ತಿರುಗಿ ಇನ್ನೂ ಸರಿಯಾಗಿ ನಿಂತಿರುವುದಿಲ್ಲ. ಬಾಗಿಲ ಹತ್ತಿರ ನಾಲ್ಕೈದು ಹೆಣ್ಣುಮಕ್ಕಳು ಆಗಲೇ ಇಳಿಯಲು ತಯಾರು. ಹೆಗಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಊಟದ ಡಬ್ಬಿ, ಡಬ್ಬಿಯ ಮೇಲೆ ಮಡಿಚಿಟ್ಟ ಬಿಳಿ ಕೋಟು. ಎಂಟಕ್ಕೆ ಡ್ಯೂಟಿ. ಹತ್ತು ನಿಮಿಷ ತಡವಾದರೆ ರಾತ್ರಿಪಾಳಿಯವಳ ಬಸ್ಸು ತಪ್ಪುತ್ತದೆ. ಅವಳೂ ಇಂಥದ್ದೇ ಒಂದು ಹಳ್ಳಿಯಿಂದ ಬಂದವಳು.

ಕಂಡಕ್ಟರಿಗೆ ಇವರೆಲ್ಲ ಗೊತ್ತು. ‘ಏನ್ ಸಿಸ್ಟರೇ, ಇವತ್ತೂ ಡಬಲ್ ಡ್ಯೂಟೀನಾ?’ ಅಂತ ಕೇಳುತ್ತಾನೆ. ಉತ್ತರಕ್ಕೆ ಪುರುಸೊತ್ತಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾಗಿ ಇವರ ಜೇಬಿನಲ್ಲಿ ನಾಲ್ಕು ಕಾಸು ಉಳಿದದ್ದು ನಿಜ. ಆದರೆ ಬಸ್ ಚಾರ್ಜು ಉಳಿದದ್ದೇ ಸಂಬಳ ಏರಿದ ಹಾಗೆ ಅಂತ ಒಬ್ಬ ಮನುಷ್ಯಳು ಲೆಕ್ಕ ಹಾಕಬೇಕಾಗಿ ಬಂದರೆ, ಅವಳ ಸಂಬಳ ಎಷ್ಟಿರಬೇಕು?

ಈ ಪ್ರಶ್ನೆಯನ್ನು ಬೇರೆ ಯಾವ ಊರು ಕೇಳದಿದ್ದರೂ ದಾವಣಗೆರೆ ಕೇಳಬೇಕು. ಹತ್ತಿ ಗಿರಣಿಗಳ ಊರು ಇದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಪಡೆದ ಊರು. ಕಾರ್ಮಿಕರ ಮಾತಿಗೆ ಇಲ್ಲಿ ಎಷ್ಟು ತೂಕವಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಇದೇ ಊರು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿತು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಿರಣಿ ಹೋದ ಊರಿನಲ್ಲಿ ಕಾಲೇಜು ಬಂತು, ಆಸ್ಪತ್ರೆ ಬಂತು, ಬಡಾವಣೆಗೆ ಹತ್ತರಂತೆ ನರ್ಸಿಂಗ್ ಹೋಂ ಬಂತು. ಗಿರಣಿಯಲ್ಲಿ ದುಡಿದವನ ಮೊಮ್ಮಗಳು ಇವತ್ತು ಬಿಳಿ ಕೋಟು ತೊಟ್ಟು ಪಾಳಿಗೆ ಹೋಗುತ್ತಾಳೆ. ಅಜ್ಜನ ಹತ್ತಿರ ಸಂಘದ ಚೀಟಿ ಇತ್ತು. ಮೊಮ್ಮಗಳ ಹತ್ತಿರ ಏನಿದೆ?

ಯಾರು ಈ ಸಿಸ್ಟರ್?

ಆಸ್ಪತ್ರೆಗೆ ಹೋದವರಿಗೆ ಬಿಳಿ ಕೋಟಿನವರೆಲ್ಲ ‘ಸಿಸ್ಟರೇ’. ಆದರೆ ಒಳಗೆ ಮೆಟ್ಟಿಲುಗಳಿವೆ. ನಾಲ್ಕು ವರ್ಷ ಓದಿದ ಬಿಎಸ್ಸಿ ನರ್ಸು ಒಬ್ಬಳು. ಮೂರು ವರ್ಷದ ಜಿಎನ್‌ಎಂ ಮಾಡಿದವಳು ಇನ್ನೊಬ್ಬಳು. ಅವರ ಕೆಳಗೆ ಎರಡು ವರ್ಷದ ಎಎನ್‌ಎಂ ಕೋರ್ಸು ಮುಗಿಸಿದವಳು. ಬೇರೆ ದೇಶಗಳಲ್ಲಿ ಪ್ರಾಕ್ಟಿಕಲ್ ನರ್ಸ್ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಆ ಸ್ಥಾನ ಇವಳದು. ಹೆಸರಿನಲ್ಲಿ ‘ಸಹಾಯಕ’ ಅಂತಿದೆ, ಕೈಗೆ ಬರುವ ಕೆಲಸದಲ್ಲಿ ಸಹಾಯಕವೇನೂ ಇಲ್ಲ. ಡ್ರಿಪ್ಪು ಅವಳೇ, ಬಿಪಿ ಅವಳೇ, ಗಾಯದ ಪಟ್ಟಿ ಅವಳೇ, ಹೆರಿಗೆ ಕೋಣೆಯಲ್ಲಿ ‘ಇನ್ನೊಂಚೂರು ತಡ್ಕೊಳ್ಳಮ್ಮ’ ಅನ್ನುವವಳೂ ಅವಳೇ.

ಇವರೆಲ್ಲರ ಕೆಳಗೆ ಇನ್ನೊಂದು ಸಾಲಿದೆ. ಪಿಯುಸಿ ಆದ ಮೇಲೆ ‘ಕೆಲಸ ಕಲಿ’ ಅಂತ ಸೇರಿಸಿಕೊಂಡ ಹುಡುಗಿಯರದು. ಸರ್ಟಿಫಿಕೇಟಿಲ್ಲ, ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರಿಲ್ಲ. ಸೂಜಿ ಚುಚ್ಚುವುದನ್ನು ನೋಡಿ ಕಲಿತವರು. ಇದು ರೋಗಿಗೂ ಒಳ್ಳೆಯದಲ್ಲ, ಆ ಹುಡುಗಿಗೂ ಒಳ್ಳೆಯದಲ್ಲ. ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ಹೊರಗೆ ಹೋಗುವವಳು ಅವಳೇ. ಓದಿದ ಸಿಸ್ಟರು ಸಂಬಳ ಕೇಳಿದರೆ ‘ಇಷ್ಟಕ್ಕೇ ಬರೋರು ಬೇಕಾದಷ್ಟು ಜನ ಇದ್ದಾರಮ್ಮ’ ಅಂತ ಬೆರಳು ತೋರಿಸುವುದೂ ಅವಳ ಕಡೆಗೇ. ಒಬ್ಬಳ ಬಡತನವೇ ಇನ್ನೊಬ್ಬಳ ಸಂಬಳಕ್ಕೆ ಅಡ್ಡಗೋಡೆ.

ಸಂಬಳ ಎಂಬ ಗುಟ್ಟು

ಕಿರಾಣಿ ಅಂಗಡಿಯಲ್ಲಿ ಸಕ್ಕರೆ ದರ ಕೇಳಿದರೆ ಹೇಳುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದರ ಬೋರ್ಡಿನ ಮೇಲೆ ಬರೆಯುತ್ತಾರೆ. ಸಿಸ್ಟರ ಸಂಬಳದ ದರ ಮಾತ್ರ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಒಂದೇ ವಾರ್ಡಿನಲ್ಲಿ ಒಂದೇ ಪಾಳಿ ಮಾಡುವ ಇಬ್ಬರಿಗೆ ಎರಡು ಸಂಬಳ. ‘ಅವಳಿಗೆ ಹೇಳ್ಬೇಡ, ನಿನಗೆ ಅಂತ ಐನೂರು ಜಾಸ್ತಿ’ ಅಂತ ಕಿವಿಯಲ್ಲಿ ಹೇಳಿದ ಮಾತನ್ನು ಆ ಇನ್ನೊಬ್ಬಳಿಗೂ ಹೇಳಿರುತ್ತಾರೆ! ಹೀಗೆ ಗುಟ್ಟಾಗಿಟ್ಟ ಕಡೆಯೇ ಕೂಲಿ ಕುಸಿಯುವುದು. ಇದು ವ್ಯಾಪಾರ ಬಲ್ಲವರಿಗೆ ಹೊಸದಾಗಿ ಹೇಳಬೇಕಾದ ಪಾಠವಲ್ಲ.

ಸಂಬಳದ ಚೀಟಿ ಕೊಡುವ ನರ್ಸಿಂಗ್ ಹೋಂಗಳೂ ಇವೆ, ಪಿಎಫ್ ಕಟ್ಟುವವರೂ ಇದ್ದಾರೆ. ಅಂಥವರ ಬಗ್ಗೆ ಯಾರ ತಕರಾರೂ ಇಲ್ಲ. ತಕರಾರಿರುವುದು ಲಕೋಟೆಯಲ್ಲಿ ನೋಟು ಹಾಕಿ ಕೈಗಿಡುವ ಕಡೆ. ಕೆಲಸಕ್ಕೆ ಸೇರಿದ ಕಾಗದವಿಲ್ಲ. ಹನ್ನೆರಡು ಗಂಟೆಯ ಪಾಳಿಗೆ ಓವರ್‌ಟೈಮಿನ ಹೆಸರೇ ಇಲ್ಲ. ರಜ ಹಾಕಿದರೆ ಆ ದಿನದ ಕೂಲಿ ಕಟ್. ಇದೆಲ್ಲಕ್ಕಿಂತ ಕಠಿಣವಾದದ್ದು ಒರಿಜಿನಲ್ ಸರ್ಟಿಫಿಕೇಟು ಇಟ್ಟುಕೊಳ್ಳುವ ಪದ್ಧತಿ. ಕೆಲಸ ಬಿಡುತ್ತೇನೆ ಅಂದವಳಿಗೆ ‘ಬಾಂಡಿನ ದುಡ್ಡು ಕಟ್ಟು, ಕಾಗದ ತಗೊಂಡು ಹೋಗು’ ಅನ್ನುತ್ತಾರೆ. ಈ ಬಾಂಡ್ ಪದ್ಧತಿ ಶೋಷಣೆ ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ಲೇ 2011ರಲ್ಲಿ ಸುತ್ತೋಲೆ ಹೊರಡಿಸಿ ಹೇಳಿದೆ. ಸುತ್ತೋಲೆ ಫೈಲಿನಲ್ಲಿ, ಸರ್ಟಿಫಿಕೇಟು ಬೀರುವಿನಲ್ಲಿ!

2016ರ ಒಂದು ಕಾಗದ

ನರ್ಸುಗಳ ಸಂಬಳ ಎಷ್ಟಿರಬೇಕು ಅನ್ನುವುದು ಯಾರೂ ಯೋಚಿಸದ ಪ್ರಶ್ನೆಯೇನಲ್ಲ. 1908ರಿಂದ ಇರುವ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಈ ವಿಷಯ ಹಿಡಿದು 2011ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿ ನೋಡಲು ತಜ್ಞರ ಸಮಿತಿ ಮಾಡಿ ಅಂತ ಕೋರ್ಟು 2016ರ ಜನವರಿ 29ರಂದು ಕೇಂದ್ರಕ್ಕೆ ಹೇಳಿತು. ಸಮಿತಿ ಆಯಿತು, ವರದಿಯೂ ಬಂತು.

ವರದಿಯ ಲೆಕ್ಕ ಸರಳ. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ನರ್ಸಿನ ಸಂಬಳ ಅದೇ ರಾಜ್ಯದ ಸರ್ಕಾರಿ ನರ್ಸಿನ ಸಂಬಳಕ್ಕೆ ಸಮ ಇರಬೇಕು. ನೂರು ಹಾಸಿಗೆ ದಾಟಿದ್ದರೆ ಅದಕ್ಕಿಂತ ಶೇಕಡಾ 10ರ ಮೇಲೆ ಕಡಿಮೆ ಇರಬಾರದು. ಐವತ್ತರಿಂದ ನೂರು ಇದ್ದರೆ ಶೇಕಡಾ 25ರ ಮೇಲೆ ಕಡಿಮೆ ಇರಬಾರದು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ನರ್ಸಿಂಗ್ ಹೋಂ ಆದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ರಜ, ಪಾಳಿ, ವಸತಿ, ಓಡಾಟದ ಅನುಕೂಲಗಳೂ ಸರ್ಕಾರಿ ನರ್ಸುಗಳಿಗೆ ಇದ್ದಂತೆಯೇ ಇರಬೇಕು.

ಇಪ್ಪತ್ತು ಸಾವಿರ ಅಂದರೆ ದೊಡ್ಡ ಮೊತ್ತವೇ? ತಿಂಗಳಿಗೆ 26 ದಿನದಂತೆ ಹಂಚಿದರೆ ದಿನಕ್ಕೆ 769 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 96. ಹನ್ನೆರಡು ಗಂಟೆ ದುಡಿಸಿಕೊಂಡರೆ ಗಂಟೆಗೆ 64! ಅದೂ 2016ರ ಇಪ್ಪತ್ತು ಸಾವಿರ. ಆಗಿನ ಎಣ್ಣೆ, ಬೇಳೆ, ಗ್ಯಾಸಿನ ದರ ಅಂಗಡಿಯವರ ಹಳೇ ಪುಸ್ತಕದಲ್ಲೇ ಇರುತ್ತದೆ. ಇವತ್ತಿನ ಪುಟದ ಪಕ್ಕ ಇಟ್ಟು ನೋಡಿದರೆ ಉಳಿದದ್ದೆಷ್ಟು ಅಂತ ತಿಳಿಯುತ್ತದೆ.

ಆದರೆ ಈ ವರದಿ ಒಂದು ಶಿಫಾರಸು, ಅಷ್ಟೆ. ಕಾನೂನು ಮಾಡಬೇಕಾದವರು ರಾಜ್ಯ ಸರ್ಕಾರದವರು ಅಂತ ಕಾಗದ ರಾಜ್ಯಗಳಿಗೆ ಹೋಯಿತು. ಕಾಗದಕ್ಕೆ ಕಾಲಿಲ್ಲ. ಅದನ್ನು ಯಾರಾದರೂ ಎತ್ತಿಕೊಂಡು ಓಡಾಡಬೇಕು.

ಎತ್ತಿಕೊಂಡು ಓಡಾಡಿದವರು

ಹಾಗೆ ಓಡಾಡಿದವರು ಪಕ್ಕದ ಕೇರಳದ ನರ್ಸುಗಳು. ಅವರಲ್ಲಿ ಅನೇಕರು ಕರ್ನಾಟಕಕ್ಕೇನೂ ಹೊಸಬರಲ್ಲ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಬ್ಯಾಂಕ್ ಸಾಲ ಮಾಡಿ ಓದಿ ಹೋದವರು. ಸಾಲದ ಕಂತಿಗೂ ಸಾಲದ ಸಂಬಳ ಕೈಗೆ ಬಂದಾಗ ಅವರಿಗೆ ಸಿಟ್ಟು ಬಂತು. 2011ರಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಅಂತ ಸಂಘ ಕಟ್ಟಿದರು. ಒಂದಾದ ಮೇಲೊಂದು ಆಸ್ಪತ್ರೆಯ ಮುಂದೆ ಕೂತರು. 2012ರಲ್ಲಿ ಕೋತಮಂಗಲಂನ ಒಂದು ಆಸ್ಪತ್ರೆಯಲ್ಲಿ ಮುಷ್ಕರ ನೂರು ದಿನ ದಾಟಿ, ಕೊನೆಗೆ ನರ್ಸುಗಳು ಕಟ್ಟಡದ ಮೇಲೆ ಹತ್ತಿ ನಿಂತರು. ಅಲ್ಲಿಗೆ ಸರ್ಕಾರದ ನಿದ್ದೆ ಹರಿಯಿತು.

2017ರಲ್ಲಿ ಮತ್ತೆ ಮುಷ್ಕರ. ಈ ಸಲ ಸುಪ್ರೀಂ ಕೋರ್ಟ್ ಮಾಡಿಸಿದ ಸಮಿತಿಯ ವರದಿ ಕೈಯಲ್ಲಿತ್ತು. ‘ಇದರಲ್ಲಿ ಬರೆದದ್ದನ್ನು ಕೊಡಿ’ ಅನ್ನುವುದೇ ಬೇಡಿಕೆ. ಆ ವರ್ಷ ಜುಲೈ 20ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಸಭೆ ಕರೆದರು. ಸಣ್ಣ ಆಸ್ಪತ್ರೆಯಲ್ಲೂ 20,000 ಅಂತ ಒಪ್ಪಂದವಾಯಿತು. ಒಪ್ಪಂದವಾದ ಮೇಲೂ ಆದೇಶ ಬರಲಿಲ್ಲ. ಮಾಲೀಕರು ಹೈಕೋರ್ಟಿಗೆ ಹೋದರು. ತಿಂಗಳುಗಳು ಉರುಳಿದವು. ಕೊನೆಗೆ ನರ್ಸುಗಳು ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತೇವೆ ಅಂದರು. ದಿನ ಗೊತ್ತಾಯಿತು, 2018ರ ಏಪ್ರಿಲ್ 24. ಸರ್ಕಾರದ ಅಧಿಸೂಚನೆ ಹೊರಬಿದ್ದದ್ದು ಏಪ್ರಿಲ್ 23ರಂದು!

ಒಂದು ದಿನ ಮುಂಚೆ. ಇದರಲ್ಲೇ ಇಡೀ ಕಥೆ ಇದೆ. 2016ರ ವರದಿ ಎಲ್ಲ ರಾಜ್ಯಗಳಿಗೂ ಹೋಗಿತ್ತು. ಕೇರಳದಲ್ಲಿ ಅದು ಆದೇಶವಾದದ್ದು ಹೊಸ ಚಪ್ಪಲಿ ಹಾಕಿಕೊಂಡು ನಡೆಯಲು ತಯಾರಾಗಿ ನಿಂತವರಿದ್ದರು ಅಂತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಪೂಜಾರಿಯಿಂದ ವರ ಇಸಿದುಕೊಳ್ಳುವುದಕ್ಕೇ ಸಂಘ ಬೇಕಾಗುವುದು.

ಆಸ್ಪತ್ರೆ ಉದ್ಯಮವೇ, ಅಲ್ಲವೇ?

‘ಆಸ್ಪತ್ರೆ ಅಂದ್ರೆ ಸೇವೆ ಕಣ್ರೀ, ಅಲ್ಲೆಂಥಾ ಯೂನಿಯನ್ನು?’ ಅನ್ನುವವರು ಊರಿನಲ್ಲಿ ಬೇಕಾದಷ್ಟು ಜನ. ಈ ಮಾತನ್ನು ಸುಪ್ರೀಂ ಕೋರ್ಟೇ ಮೂರು ಸಲ ತೂಗಿ ನೋಡಿದೆ.

ಮುಂಬಯಿಯ ಜೆ.ಜೆ. ಆಸ್ಪತ್ರೆಗಳಲ್ಲಿ ಇಬ್ಬರು ವಾರ್ಡ್ ಸೇವಕಿಯರನ್ನು ಕೆಲಸದಿಂದ ತೆಗೆದದ್ದರಿಂದ ಜಗಳ ಶುರುವಾಯಿತು. ಆಸ್ಪತ್ರೆಯೂ ಉದ್ಯಮವೇ, ಕಾರ್ಮಿಕ ಕಾನೂನು ಅದಕ್ಕೂ ಲಾಗೂ ಅಂತ 1960ರಲ್ಲಿ ಕೋರ್ಟು ಹೇಳಿತು. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಕೇಸಿನಲ್ಲಿ ಅಲ್ಲ ಅಂದಿತು. ಕೊನೆಗೆ 1978ರ ಫೆಬ್ರುವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ಮತ್ತೆ ಹೌದು ಅಂದಿತು. ಆ ದೊಡ್ಡ ತೀರ್ಪು ಬಂದದ್ದು ಕರ್ನಾಟಕದ್ದೇ ಒಂದು ಕೇಸಿನಲ್ಲಿ. ಬೆಂಗಳೂರು ನೀರು ಸರಬರಾಜು ಮಂಡಳಿಯ ನೌಕರರು ತಮ್ಮ ಪಾಡಿಗೆ ಹೋರಾಡಿದ್ದು, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಲೇಖನಿಯಲ್ಲಿ ದೇಶದ ಎಲ್ಲ ಆಸ್ಪತ್ರೆ ನೌಕರರಿಗೂ ನೆರಳಾಯಿತು.

ಆ ತೀರ್ಪನ್ನು ಪುನಃ ನೋಡಬೇಕೆಂಬ ಪ್ರಶ್ನೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಅತ್ತ ಹಳೇ ಕಾರ್ಮಿಕ ಕಾಯಿದೆಗಳ ಜಾಗದಲ್ಲಿ ನಾಲ್ಕು ಹೊಸ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಪೂರ್ತಿ ಅಥವಾ ಬಹುಪಾಲು ಧರ್ಮಾರ್ಥ ಸೇವೆ ಮಾಡುವ ಸಂಸ್ಥೆಗಳನ್ನು ಹೊಸ ಸಂಹಿತೆ ಉದ್ಯಮದ ಲೆಕ್ಕದಿಂದ ಹೊರಗಿಟ್ಟಿದೆ. ಆದರೆ ಬಿಲ್ಲು ಕಟ್ಟದೆ ಡಿಸ್ಚಾರ್ಜ್ ಮಾಡದ ನರ್ಸಿಂಗ್ ಹೋಮನ್ನು ಧರ್ಮಛತ್ರ ಅಂತ ಯಾರೂ ಕರೆಯಲಾರರು.

ಹಳದೀಪುರದ ಮಗಳು

ಸಂಘ ಅಂದರೆ ಬರೀ ದುಡ್ಡಿನ ಮಾತು ಅಂದುಕೊಂಡವರು ಉತ್ತರ ಕನ್ನಡದ ಹಳದೀಪುರದ ಮಗಳನ್ನು ನೆನೆಯಬೇಕು. ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದಾಗ ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ಒಬ್ಬ ಅವರ ಮೇಲೆ ಎರಗಿದ. ಮತ್ತೆ ಅವರಿಗೆ ಪ್ರಜ್ಞೆ ಸರಿಯಾಗಿ ಬರಲೇ ಇಲ್ಲ. ಮುಂಬಯಿಯ ನರ್ಸುಗಳು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಅರುಣಾಗೆ ಸರಿಯಾದ ಆರೈಕೆ, ತಮಗೆ ರಕ್ಷಣೆ ಬೇಕು ಅಂದರು.

ಅಲ್ಲಿಗೇ ಮುಗಿಯಲಿಲ್ಲ. ಹಾಸಿಗೆ ಖಾಲಿ ಮಾಡಿಸಲು ಅರುಣಾರನ್ನು ಬೇರೆ ಕಡೆ ಸಾಗಿಸುವ ಮಾತು ಮುಂದೊಮ್ಮೆ ಬಂದಾಗ ನರ್ಸುಗಳು ಒಟ್ಟಾಗಿ ಅಡ್ಡ ನಿಂತರು. 2015ರ ಮೇ 18ರಂದು ಕೊನೆಯುಸಿರೆಳೆಯುವ ತನಕ, ನಲವತ್ತೊಂದು ವರ್ಷದ ಮೇಲೆ, ಆ ಆಸ್ಪತ್ರೆಯ ನರ್ಸುಗಳೇ ಅವರನ್ನು ತೊಳೆದರು, ಉಣಿಸಿದರು. ಅರುಣಾರನ್ನು ಕಣ್ಣಾರೆ ಡ್ಯೂಟಿಯಲ್ಲಿ ಕಂಡಿರದ, ಆಮೇಲೆ ಹುಟ್ಟಿದ ಹುಡುಗಿಯರೂ ಮಾಡಿದರು. ಸೇವೆಯೂ ಸಂಘಟನೆಯೂ ಒಂದೇ ಕೈಯ ಎರಡು ಕೆಲಸ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ರಾತ್ರಿಪಾಳಿ ಮುಗಿಸಿ ಕತ್ತಲಲ್ಲಿ ಬಸ್ ಸ್ಟ್ಯಾಂಡಿಗೆ ನಡೆದು ಬರುವ ಸಿಸ್ಟರಿಗೂ ಈ ಮಾತು ತಟ್ಟುತ್ತದೆ. ಹೆಣ್ಣುಮಕ್ಕಳನ್ನು ರಾತ್ರಿ ಕೆಲಸಕ್ಕೆ ಹಾಕುವಾಗ ಅವರ ಒಪ್ಪಿಗೆ ಬೇಕು, ರಕ್ಷಣೆ ಮತ್ತು ಓಡಾಟದ ಏರ್ಪಾಡೂ ಬೇಕು ಅಂತ ಹೊಸ ಸಂಹಿತೆ ಹೇಳುತ್ತದೆ. ಆದರೆ ವಾಹನ ಎಲ್ಲಿ ಅಂತ ಒಬ್ಬಳೇ ನಿಂತು ಕೇಳಿದರೆ ‘ನಾಳೆಯಿಂದ ಬರಬೇಡ’ ಅನ್ನುವುದು ಸುಲಭ. ಅರವತ್ತು ಜನ ಕೇಳಿದರೆ ವಾಹನ ಕಳಿಸುವುದು ಸುಲಭ.

ಮಾಲೀಕರ ಮಾತೂ ಉಂಟು

ನರ್ಸಿಂಗ್ ಹೋಂ ನಡೆಸುವವರೂ ಸುಖವಾಗಿಲ್ಲ ಅನ್ನುವುದನ್ನು ಒಪ್ಪಬೇಕು. ಹದಿನೈದು ಹಾಸಿಗೆಯ ಆಸ್ಪತ್ರೆಗೆ ಬ್ಯಾಂಕ್ ಸಾಲ, ಜನರೇಟರ್, ಆಮ್ಲಜನಕ, ಕಸ ವಿಲೇವಾರಿ, ವರ್ಷಕ್ಕೊಮ್ಮೆ ಲೈಸೆನ್ಸುಗಳ ತಾಪತ್ರಯ. ವಿಮಾ ಕಂಪನಿ, ಸರ್ಕಾರಿ ಯೋಜನೆಗಳ ದುಡ್ಡು ಕೈಗೆ ಬರುವುದು ತಡ. ‘ಸಂಬಳ ಏರಿಸಿದ್ರೆ ಬಿಲ್ಲು ಏರುತ್ತೆ, ಬೈಸಿಕೊಳ್ಳೋರು ನಾವು’ ಅನ್ನುತ್ತಾರೆ. ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಸಮಿತಿಯವರೂ ಅದಕ್ಕೇ ಹಾಸಿಗೆ ಲೆಕ್ಕದಲ್ಲಿ ನಾಲ್ಕು ದರ ಮಾಡಿದ್ದು, ದೊಡ್ಡ ಆಸ್ಪತ್ರೆಯ ಹೊರೆಯನ್ನು ಸಣ್ಣದರ ತಲೆ ಮೇಲೆ ಹೇರಲಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕರೆಂಟಿನ ಬಿಲ್ಲು ಏರಿದರೆ ಕಟ್ಟುತ್ತಾರೆ, ಔಷಧಿಯ ದರ ಏರಿದರೆ ಕೊಡುತ್ತಾರೆ, ಯಂತ್ರದ ಕಂತು ತಪ್ಪಿಸುವುದಿಲ್ಲ. ಚೌಕಾಸಿ ನಡೆಯುವುದು ಸಿಸ್ಟರ ಹತ್ತಿರ ಮಾತ್ರ. ಯಾಕೆಂದರೆ ಉಳಿದವರೆಲ್ಲರ ಹಿಂದೆ ಒಂದು ಕಂಪನಿ, ಒಂದು ಸಂಘ ಇದೆ. ಡಾಕ್ಟರುಗಳಿಗೆ 1928ರಿಂದ ಐಎಂಎ ಇದೆ. ವರ್ತಕರಿಗೆ ವರ್ತಕರ ಸಂಘ, ಆಟೋದವರಿಗೆ ಆಟೋ ಸಂಘ, ಯಾರ್ಡಿನ ಹಮಾಲರಿಗೂ ಸಂಘದ ಬೋರ್ಡುಂಟು. ಖಾಸಗಿ ನರ್ಸಿಂಗ್ ಹೋಂ ಸಿಸ್ಟರುಗಳ ಸಂಘ ಅಂತ ಬೋರ್ಡು ತೂಗಿದ್ದನ್ನು ತಾಲ್ಲೂಕು ಊರುಗಳಲ್ಲಿ ಎಷ್ಟು ಜನ ನೋಡಿದ್ದಾರೆ?

ಕಾರಣ ಸೋಮಾರಿತನವಲ್ಲ. ಗಿರಣಿಯಲ್ಲಿ ಸಾವಿರ ಜನ ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಿದ್ದರು. ಗೇಟಿನ ಮುಂದೆ ನಿಂತು ಭಾಷಣ ಮಾಡಿದರೆ ಎಲ್ಲರಿಗೂ ಕೇಳುತ್ತಿತ್ತು. ಸಿಸ್ಟರುಗಳು ನೂರು ಗೇಟಿನಲ್ಲಿ ಐದೈದು ಜನ. ಅದರಲ್ಲೂ ಇಬ್ಬರು ಹಗಲು, ಇಬ್ಬರು ರಾತ್ರಿ, ಒಬ್ಬಳು ರಜದಲ್ಲಿ. ಇವರೆಲ್ಲ ಒಟ್ಟಿಗೆ ಸಿಗುವ ಜಾಗ ಒಂದೇ. ಬಸ್ಸು!

ಏಳು ಸಹಿ, ನೂರು ಹೆಸರು

ಇಲ್ಲೇ ಒಂದು ಮುಖ್ಯ ಸಂಗತಿ ಇದೆ. ಐದು ಜನರ ನರ್ಸಿಂಗ್ ಹೋಮಿನಲ್ಲಿ ಸಂಘ ಕಟ್ಟಲು ಬರುವುದಿಲ್ಲ, ನಿಜ. ರಿಜಿಸ್ಟ್ರಿಗೆ ಕಡಿಮೆ ಅಂದರೂ ಏಳು ಜನ ಸದಸ್ಯರು ಬೇಕು. ಆದರೆ ಆ ಏಳು ಜನ ಒಂದೇ ಆಸ್ಪತ್ರೆಯವರಾಗಿರಬೇಕು ಅಂತ ಕಾನೂನು ಹೇಳಿಲ್ಲ. ಒಂದು ಸಂಸ್ಥೆಯಲ್ಲಿ ಅಥವಾ ಒಂದು ಉದ್ಯಮದಲ್ಲಿ ದುಡಿಯುವವರಲ್ಲಿ ಶೇಕಡಾ ಹತ್ತು ಇಲ್ಲವೇ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿದ್ದರೆ ಸಾಕು. ಅಂದರೆ ಊರಿನ, ಜಿಲ್ಲೆಯ ನರ್ಸಿಂಗ್ ಹೋಂಗಳಿಂದ ಒಬ್ಬೊಬ್ಬರು ಇಬ್ಬಿಬ್ಬರು ಸೇರಿ ನೂರು ಹೆಸರಾದರೆ ಒಂದು ಸಂಘ. ಹನಿ ಹನಿಗೂಡಿದರೆ ಹಳ್ಳ.

ಸಂಘ ಇದ್ದರೆ ಏನಾಗುತ್ತದೆ? ಮೊದಲನೆಯದು, ದೂರಿಗೆ ಮುಖ ಬೇಕಾಗಿಲ್ಲ. ಕನಿಷ್ಠ ಕೂಲಿ ಕೊಡದಿದ್ದರೆ, ಸಂಬಳ ಹಿಡಿದಿಟ್ಟರೆ, ರಿಜಿಸ್ಟರಾದ ಸಂಘವೇ ಸದಸ್ಯಳ ಪರವಾಗಿ ಅರ್ಜಿ ಹಾಕಬಹುದು ಅಂತ ಹೊಸ ವೇತನ ಸಂಹಿತೆಯಲ್ಲಿದೆ. ಮೂರು ವರ್ಷದ ಹಿಂದಿನ ಬಾಕಿಯವರೆಗೂ ಕೇಳಬಹುದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅಲ್ಲಿದೆ. ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಕೊಡಬೇಕಾದವನದು, ಇಸಿದುಕೊಳ್ಳಬೇಕಾದವಳದಲ್ಲ.

ಎರಡನೆಯದು, ಕೇಳಬೇಕಾದ್ದೇನು ಅನ್ನುವುದು ಗೊತ್ತಾಗುತ್ತದೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು. ಓವರ್‌ಟೈಮಿಗೆ ದುಪ್ಪಟ್ಟು ದರ. ಮಾಮೂಲು ಪಾಳಿ ಎಂಟು ಗಂಟೆ ಎಂದಿಟ್ಟುಕೊಂಡರೆ, ಹನ್ನೆರಡು ಗಂಟೆ ದುಡಿದವಳಿಗೆ ಸಿಗಬೇಕಾದ್ದು ಹದಿನಾರು ಗಂಟೆಯ ಕೂಲಿ! ಹತ್ತು ಜನರಿರುವ ಕಡೆ ಇಎಸ್‌ಐ ಉಂಟು. ನೂರು ರೂಪಾಯಿ ಸಂಬಳಕ್ಕೆ ನೌಕರಳದು ಎಪ್ಪತ್ತೈದು ಪೈಸೆ, ಮಾಲೀಕರದು ಮೂರೂಕಾಲು ರೂಪಾಯಿ. ಅಷ್ಟು ಕಟ್ಟದೆ ಹೋದದ್ದಕ್ಕೆ, ದಿನವಿಡೀ ರೋಗಿಗಳ ನಡುವೆ ಇರುವವಳು ತಾನು ಮಲಗಿದಾಗ ಕೈಗಡ ಮಾಡಿ ಬಿಲ್ಲು ಕಟ್ಟುತ್ತಾಳೆ. ಹೆರಿಗೆ ರಜ 2017ರಿಂದ 26 ವಾರ, ಸಂಬಳ ಸಮೇತ. ನೂರಾರು ಹೆರಿಗೆ ಮಾಡಿಸಿದವಳು ತನ್ನ ಹೆರಿಗೆಗೆ ಕೆಲಸ ಬಿಡಬೇಕಾದ ಅಗತ್ಯವೇ ಇಲ್ಲ.

ಕರ್ನಾಟಕದಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ ನೌಕರರಿಗೆ ಕನಿಷ್ಠ ಕೂಲಿ ದರವನ್ನು ಸರ್ಕಾರ ಬಹಳ ಹಿಂದಿನಿಂದಲೇ ಗೊತ್ತುಮಾಡುತ್ತ ಬಂದಿದೆ. ದರಪಟ್ಟಿ ಕಾರ್ಮಿಕ ಇಲಾಖೆಯಲ್ಲಿ ಕೇಳಿದರೆ ಸಿಗುತ್ತದೆ. ಈ ದರ ಸರ್ಟಿಫಿಕೇಟು ಇಲ್ಲದ ಹುಡುಗಿಯನ್ನೂ ಕೈಬಿಡುವುದಿಲ್ಲ. ಹಾಗಾಗಿ ಓದಿದವಳು, ಓದದವಳು ಅಂತ ಎರಡು ಬಾಗಿಲು ಮಾಡದೆ ಒಟ್ಟಿಗೇ ಕೂರಿಸಿಕೊಳ್ಳುವ ಸಂಘವೇ ಗೆಲ್ಲುವುದು. ಓದದವಳಿಗೆ ಎಎನ್‌ಎಂ ಓದಿಸಿ ಅಂತ ಕೇಳುವುದೂ ಆ ಸಂಘದ ಬೇಡಿಕೆಯಾಗಬೇಕು.

ಮೂರನೆಯದು ಮುಷ್ಕರದ ಮಾತು. ಅಂಗಡಿಯವರು ಬಂದ್ ಅಂದರೆ ಶಟರ್ ಎಳೆಯಬಹುದು, ಬಸ್ಸಿನವರು ಡಿಪೋದಲ್ಲಿ ಗಾಡಿ ನಿಲ್ಲಿಸಬಹುದು. ಸಿಸ್ಟರು ಅರ್ಧ ಹೋದ ಡ್ರಿಪ್ಪು ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಕಾನೂನೂ ಹದಿನಾಲ್ಕು ದಿನ ಮೊದಲೇ ನೋಟೀಸು ಕೊಡಬೇಕು ಅನ್ನುತ್ತದೆ. ಕೈಬಿಟ್ಟು ನಡೆಯಲಾರದವಳ ಒಳ್ಳೆಯತನವೇ ಅವಳ ಕೈಕಟ್ಟಿಹಾಕಿದೆ. ಆದ್ದರಿಂದಲೇ ಉಳಿದವರಿಗಿಂತ ಹೆಚ್ಚಾಗಿ ಅವಳಿಗೆ, ಮೇಜಿನ ಆಚೆ ಕೂತು ಅವಳ ಪರವಾಗಿ ಮಾತಾಡುವವರು ಬೇಕು.

ಕಿಸೆಯಿಂದ ಕೊಡುವವರಿಗೆ ಏನು ಲಾಭ?

ಬಿಲ್ಲು ಕಟ್ಟುವವರು ಕೇಳಬಹುದು, ಇದರಿಂದ ನಮಗೇನು ಅಂತ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸು ಇರಬೇಕು ಅನ್ನುವುದು ನರ್ಸಿಂಗ್ ಕೌನ್ಸಿಲ್ಲಿನ ಲೆಕ್ಕ. ರಾತ್ರಿ ಎರಡು ಗಂಟೆಗೆ ಅಪ್ಪನ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತವರಿಗೆ ಆ ಹೊತ್ತಿನಲ್ಲಿ ಎಷ್ಟು ರೋಗಿಗೆ ಎಷ್ಟು ಸಿಸ್ಟರ್ ಇರುತ್ತಾರೆ ಅನ್ನುವುದು ಗೊತ್ತು. ಡಾಕ್ಟರು ಮನೆಯಲ್ಲಿ ಮಲಗಿರುತ್ತಾರೆ. ಉಸಿರಿನ ಸದ್ದು ಬದಲಾದದ್ದನ್ನು ಮೊದಲು ಕೇಳಿಸಿಕೊಳ್ಳಬೇಕಾದವಳು ಹದಿನಾಲ್ಕನೇ ಗಂಟೆಯ ಡ್ಯೂಟಿಯಲ್ಲಿ ತೂಕಡಿಸುತ್ತಿದ್ದರೆ, ಅವಳ ಸಂಬಳದಲ್ಲಿ ಉಳಿಸಿದ ದುಡ್ಡು ಯಾರಿಗೆ ಬಂತು?

ಸಂಬಳ ಸಾಲದೆ ವರ್ಷಕ್ಕೊಮ್ಮೆ ಸಿಸ್ಟರುಗಳು ಬದಲಾಗುವ ಆಸ್ಪತ್ರೆಯಲ್ಲಿ ಕೈ ಪಳಗಿದವರು ಉಳಿಯುವುದಿಲ್ಲ. ಪಳಗಿದ ಕೈ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಗಲ್ಫಿಗೆ ಹೋಗುತ್ತದೆ. ಇಲ್ಲಿ ರಕ್ತನಾಳ ಸಿಗದೆ ಮೂರು ಸಲ ಚುಚ್ಚಿಸಿಕೊಳ್ಳುವವರು ಇಲ್ಲಿಯವರೇ. ಹಾಗಾಗಿ ಸಿಸ್ಟರಿಗೆ ನ್ಯಾಯವಾದ ಕೂಲಿ ಅನ್ನುವುದು ದಾನದ ಮಾತಲ್ಲ, ಊರಿನ ಸ್ವಂತ ಲೆಕ್ಕದ ಮಾತು.

ಸಂಜೆ ಎಂಟೂವರೆಗೆ ಅದೇ ಸ್ಟ್ಯಾಂಡು. ಬೆಳಗ್ಗೆ ಬಂದವರು ವಾಪಸು ಹೊರಟಿದ್ದಾರೆ. ಹರಿಹರಕ್ಕೆ, ಮಲೇಬೆನ್ನೂರಿಗೆ, ಜಗಳೂರಿಗೆ. ಸೀಟು ಸಿಕ್ಕ ತಕ್ಷಣ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಾರೆ. ಒಂದೇ ಬಸ್ಸಿನಲ್ಲಿ ಆರು ನರ್ಸಿಂಗ್ ಹೋಮಿನ ಎಂಟು ಸಿಸ್ಟರುಗಳು. ಅರ್ಜಿಗೆ ಬೇಕಾದ್ದು ಏಳು ಸಹಿ. ಅಷ್ಟು ಜನ ದಿನಾ ಅಕ್ಕಪಕ್ಕ ಕೂತು ಹೋಗುತ್ತಾರೆ. ನಿದ್ದೆ ಬರುವ ಮುಂಚೆ ಒಬ್ಬಳು ಪಕ್ಕದವಳನ್ನು ಒಂದು ಪ್ರಶ್ನೆ ಕೇಳಿದರೆ ಸಾಕು, ಕೆಲಸ ಶುರುವಾದಂತೆ.

‘ನಿನಗೆಷ್ಟು ಕೊಡ್ತಾರೆ ಕಣೇ?’